ವಾರಕ್ಕೆ ಎರಡು ಮಧ್ಯಾಹ್ನ

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮನೇಲಿ ಒಂದು ಜಗಳ ಆಯ್ತು. ಶುರು ಮಾಡಿದ್ದು ನಾನೇ, ಅದೂ ಒಳ್ಳೇದು ಮಾಡೋಕೆ ಹೋಗಿ.

ಅಪ್ಪನಿಗೆ ಡಿಮೆನ್ಷಿಯಾ ಅಂತ ಗೊತ್ತಾಗಿ ನಾಲ್ಕು ವರ್ಷ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದ ಮನುಷ್ಯ. ಈಗ ಸಂಜೆ ಆರಾಗುತ್ತಿದ್ದಂತೆ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. "ಮನೆಗೆ ಹೋಗ್ಬೇಕು ಕಣಮ್ಮ, ಕತ್ತಲಾಯ್ತು" ಅಂತಾರೆ. ನಿಂತಿರೋದು ತಾವೇ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ. "ಇದೇ ನಿಮ್ಮನೆ ಮಾವ" ಅಂತ ವಾದ ಮಾಡೋದನ್ನ ಅತ್ತಿಗೆ ಬಿಟ್ಟು ಬಹಳ ಕಾಲವಾಯಿತು. "ಹೋಗೋಣ, ಒಂದು ಲೋಟ ಕಾಫಿ ಕುಡ್ಕೊಂಡು ಹೊರಡೋಣ" ಅಂತ ಕೂರಿಸುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ ಹೊರಟಿದ್ದು ಮರೆತಿರುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಚಪ್ಪಲಿ. ಹೀಗೆ ರಾತ್ರಿ ಎಂಟರವರೆಗೆ, ಕೆಲವು ದಿನ ಹನ್ನೊಂದರವರೆಗೆ.

ಅತ್ತಿಗೆ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದರು. ಎರಡು ವರ್ಷದ ಹಿಂದೆ ಬಿಟ್ಟರು. "ಬಿಟ್ಟರು" ಅಂತ ನಾವೆಲ್ಲ ಹೇಳ್ತೀವಿ, ಬಿಡಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ. ಅಣ್ಣನಿಗೆ ಅಂಗಡಿ, ನನಗೆ ಬೆಂಗಳೂರು, ಅಮ್ಮ ಇಲ್ಲ. ಉಳಿದವರು ಯಾರು ಅನ್ನೋದು ಲೆಕ್ಕ ಬರದವರಿಗೂ ಗೊತ್ತಾಗುತ್ತೆ.

ಆ ಹಬ್ಬದ ದಿನ ಊಟ ಆದಮೇಲೆ ನಾನು ಅಂದೆ: "ಅತ್ತಿಗೆ, ತಿಂಗಳಿಗೆ ಹದಿನೈದು ಸಾವಿರ ನಿಮ್ಮ ಅಕೌಂಟಿಗೇ ಹಾಕ್ತೀನಿ. ಮನೆ ಖರ್ಚಿಗಲ್ಲ, ನಿಮಗೆ." ಅಣ್ಣನ ಮುಖ ಕೆಂಪಾಯಿತು. "ಅಪ್ಪನ್ನ ನೋಡ್ಕೊಳ್ಳೋಕೆ ಕೂಲಿ ಕೊಡ್ತೀಯೇನೋ? ಇವಳೇನು ಈ ಮನೆ ಆಳಾ?" ನನಗೂ ಸಿಟ್ಟು ಬಂತು. ಇಬ್ಬರೂ ಅಪ್ಪನ ಎದುರೇ ಕೂಗಾಡಿದೆವು. ಅಪ್ಪ ಹೆದರಿ, ಯಾರೋ ಗಿರಾಕಿಗಳು ರೇಟಿಗೆ ಜಗಳ ಮಾಡ್ತಿದಾರೆ ಅಂದುಕೊಂಡರೋ ಏನೋ, "ನಾಳೆ ಸಾಹುಕಾರರು ಬರ್ತಾರೆ, ಮಾತಾಡಿ" ಅಂದರು.

ರಾತ್ರಿ ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ಜೋಡಿಸುತ್ತ ಮೆಲ್ಲಗೆ ಹೇಳಿದರು: "ದುಡ್ಡು ಬೇಡ ಅಂತ ನಾನು ಅಂದಿಲ್ಲ ಕಣಪ್ಪ, ಅಂದಿದ್ದು ನಿಮ್ಮಣ್ಣ. ಆದ್ರೆ ದುಡ್ಡು ಬಂದ್ರೂ ಏನ್ಮಾಡ್ಲಿ ಹೇಳು? ನಂಗೆ ಬೇಕಾಗಿರೋದು ವಾರಕ್ಕೆ ಎರಡು ಮಧ್ಯಾಹ್ನ. ನಂಬಿಕಸ್ಥರು ಯಾರಾದ್ರೂ ಬಂದು ಮಾವನ ಹತ್ರ ಕೂತ್ರೆ, ನಾನು ಬಾಗಿಲು ಹಾಕ್ಕೊಂಡು ಮಲಗ್ತೀನಿ. ಈ ಊರಲ್ಲಿ ಅದನ್ನ ಯಾವ ಅಂಗಡೀಲಿ ಮಾರ್ತಾರೆ?"

ಆ ಪ್ರಶ್ನೆಯನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಹೊತ್ತು ತಂದೆ. ಇನ್ನೂ ಇಳಿಸಲು ಆಗಿಲ್ಲ.

ಅಣ್ಣನ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕೋದು ಸುಲಭ. ಆದರೆ ಅದರಲ್ಲೊಂದು ಗಟ್ಟಿಯಾದ ನೈತಿಕ ನಂಬಿಕೆ ಇದೆ. ತಂದೆತಾಯಿಯ ಋಣ ಅನ್ನೋದು ಹಣದಲ್ಲಿ ತೀರುವಂಥದ್ದಲ್ಲ. ಅಪ್ಪನ ಮೈ ತೊಳೆಸೋದಕ್ಕೆ ದರ ನಿಗದಿ ಮಾಡಿದ ಕ್ಷಣವೇ ಆ ಕೆಲಸ ಬೇರೇನೋ ಆಗಿಬಿಡುತ್ತೆ. ಇನ್ನು ಸರ್ಕಾರ ದುಡ್ಡು ಕೊಡಬೇಕು ಅಂದರಂತೂ, ಮಕ್ಕಳಿರುವಾಗ ಸರ್ಕಾರ ಯಾಕೆ ಅನ್ನುತ್ತಾರೆ. ಹೀಗೆ ಹೇಳುವವರು ಕೆಟ್ಟವರಲ್ಲ. ಬಹುಪಾಲು ಸಲ ಅವರು ಅಪ್ಪ ಅಮ್ಮನನ್ನು ನಿಜವಾಗಿ ಪ್ರೀತಿಸುವವರೇ.

ಆದರೂ ಈ ವಾದದಲ್ಲಿ ಒಂದು ಎಡವಟ್ಟಿದೆ. ಋಣ ಯಾರದ್ದು? ಅಪ್ಪ ಹೊತ್ತು ಬೆಳೆಸಿದ್ದು ನನ್ನನ್ನು, ಅಣ್ಣನನ್ನು. ತೀರಿಸ್ತಿರೋದು ಇಪ್ಪತ್ತಾರನೇ ವಯಸ್ಸಿಗೆ ಈ ಮನೆಗೆ ಬಂದ ಹೆಣ್ಣುಮಗಳು. ಕರ್ತವ್ಯ ಗಂಡುಮಕ್ಕಳದ್ದು, ಕೆಲಸ ಸೊಸೆಯದ್ದು. ನಾವು ಚಿಕ್ಕವರಿದ್ದಾಗ ಕೇಳಿದ ಶ್ರವಣಕುಮಾರನ ಕಥೆಯಲ್ಲಿ ಅವನು ಅಡ್ಡೆಯನ್ನು ತನ್ನ ಹೆಗಲ ಮೇಲೇ ಹೊತ್ತಿದ್ದ. ನಮ್ಮ ಮನೆಗಳ ಶ್ರವಣಕುಮಾರರು ಫೋನ್‌ಪೇ ಮಾಡುತ್ತಾರೆ.

ಆ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ನೋಡಿಕೊಳ್ಳುವವನು ಒಬ್ಬನೇ ಇದ್ದ. ಅವನು ಬಿದ್ದ ದಿನ ಆ ಇಬ್ಬರು ಕುರುಡರಿಗೆ ಮತ್ತೊಬ್ಬರಿರಲಿಲ್ಲ. ರಾಜ ನೀರು ತಗೊಂಡು ಬಂದ, ನಿಜ. ಬರುವಾಗ ತಡವಾಗಿತ್ತು.

ಈಗ ನಮ್ಮ ರಾಜ್ಯಭಾರ ಏನು ಮಾಡ್ತಿದೆ ನೋಡೋಣ. 2023 ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಾವು ದುಡಿಯೋಕೆ ಬಂದಿರೋ ಊರುಗಳಲ್ಲಿ ಕಡಿಮೆ, ಬಿಟ್ಟು ಬಂದಿರೋ ಊರುಗಳಲ್ಲಿ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರು ಅಥವಾ ಆಪ್ತರು ದಿನಕ್ಕೆ ಸರಾಸರಿ 5 ಗಂಟೆ ಅದಕ್ಕೇ ಕೊಡುತ್ತಾರೆ. ಆರೈಕೆಯ ಗಂಟೆಗಳಲ್ಲಿ ಶೇ. 70 ಹೆಂಗಸರದ್ದು. 2019 ರಲ್ಲಿ ಜಗತ್ತಿನಲ್ಲಿ ಡಿಮೆನ್ಷಿಯಾದ ಒಟ್ಟು ವೆಚ್ಚ 1.3 ಲಕ್ಷ ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಮ್ಮಿ ಅರ್ಧ, ಸಂಬಳವಿಲ್ಲದ ಈ ಗಂಟೆಗಳ ಬೆಲೆ. ಆ ಬಿಲ್ಲನ್ನು ಯಾರೂ ಯಾರಿಗೂ ಕಳಿಸಿಲ್ಲ, ಅಷ್ಟೇ.

ನಮ್ಮ ಕಾನೂನಿಗೆ ಈ ವಿಷಯದಲ್ಲಿ ಒಂದು ಅಭಿಪ್ರಾಯ ಇದೆ. 2007 ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ ಮಕ್ಕಳು ಅಪ್ಪ ಅಮ್ಮನಿಗೆ ತಿಂಗಳಿಗೆ 10,000 ರೂಪಾಯಿವರೆಗೂ ಜೀವನಾಂಶ ಕೊಡಬೇಕು ಅಂತ ಆದೇಶ ಮಾಡಬಹುದು. ಬೀದಿಗೆ ಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೇ ಕಾನೂನೇ. ಬಿಟ್ಟು ಹೋದವರಿಗೆ ಶಿಕ್ಷೆ ಇದೆ. ಬಿಡದೇ ಕೂತಿರುವವರಿಗೆ ಏನಿದೆ?

2024 ರಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಮೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದು ಆಸ್ಪತ್ರೆಗೆ ಸೇರಿದರೆ. ಡಿಮೆನ್ಷಿಯಾ ಆಸ್ಪತ್ರೆಯಲ್ಲಿ ನಡೆಯುವ ಕಾಯಿಲೆ ಅಲ್ಲ. ಬಚ್ಚಲುಮನೆಯಲ್ಲಿ, ಅಡುಗೆಮನೆಯ ಗ್ಯಾಸ್ ಒಲೆಯ ಹತ್ತಿರ, ರಾತ್ರಿ ಎರಡು ಗಂಟೆಗೆ ಬೀದಿ ಬಾಗಿಲ ಚಿಲಕದ ಹತ್ತಿರ ನಡೆಯುತ್ತೆ. ಅಪ್ಪ ಬಿದ್ದು ಸೊಂಟ ಮುರಿದುಕೊಂಡರೆ ಸರ್ಕಾರ ಲಕ್ಷಗಟ್ಟಲೆ ಕೊಡುತ್ತೆ, ಬೀಳದ ಹಾಗೆ ಹಗಲೂ ರಾತ್ರಿ ಕೈ ಹಿಡಿದುಕೊಂಡಿರುವವರಿಗೆ ಏನೂ ಇಲ್ಲ. 2022 ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿ, ಜಿಲ್ಲಾ ಆಸ್ಪತ್ರೆಗಳ ಮಟ್ಟದಲ್ಲಿ ಮಿದುಳಿನ ಆರೋಗ್ಯದ ಕ್ಲಿನಿಕ್‌ಗಳನ್ನು ತಂದಿದ್ದು ನಿಜಕ್ಕೂ ದೊಡ್ಡ ಕೆಲಸ. "ಅರವತ್ತಕ್ಕೆ ಅರಳು ಮರಳು" ಅಂತ ನಕ್ಕು ಸುಮ್ಮನಾಗುತ್ತಿದ್ದ ಕಡೆ ಈಗ ಅದು ಕಾಯಿಲೆ ಅಂತ ಹೇಳುವ ವೈದ್ಯರು ಸಿಗುತ್ತಾರೆ. ಆದರೆ ಕಾಯಿಲೆ ಹೆಸರು ಬರೆದ ಚೀಟಿ ಹಿಡಿದು ವಾಪಸ್ ಬರೋದು ಅದೇ ಮನೆಗೆ, ಅದೇ ಅತ್ತಿಗೆಯ ಕೈಗೆ.

ನಮ್ಮಂಥವರಿಗೆ ಒಂದು ಸೌಲಭ್ಯ ಮಾತ್ರ ಇದೆ. ಹಳೇ ತೆರಿಗೆ ಪದ್ಧತಿಯಲ್ಲಿ 80ಡಿಡಿಬಿ ಅಡಿ ಡಿಮೆನ್ಷಿಯಾ ಚಿಕಿತ್ಸೆಯ ಖರ್ಚು ತೋರಿಸಿ, ಹಿರಿಯರಾದರೆ 1 ಲಕ್ಷದವರೆಗೆ ವಿನಾಯಿತಿ ಪಡೆಯಬಹುದು. ಎರಡು ವರ್ಷ ನಾನೂ ತಗೊಂಡೆ. ಅಂದರೆ ಅಪ್ಪನ ಕಾಯಿಲೆಯ ಹೆಸರಲ್ಲಿ ಸರ್ಕಾರದಿಂದ ಪ್ರಯೋಜನ ಪಡೆದ ಒಬ್ಬನೇ ವ್ಯಕ್ತಿ ಬೆಂಗಳೂರಿನಲ್ಲಿ ಕೂತಿದ್ದ ನಾನು. ಅದನ್ನು ಯಾರೂ ಕೂಲಿ ಅನ್ನಲಿಲ್ಲ. ಅಣ್ಣನೂ ಅನ್ನಲಿಲ್ಲ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತೆ. ನನ್ನ ಸ್ನೇಹಿತನೊಬ್ಬ, ಮನಸ್ಸಿನಲ್ಲಿದ್ದದ್ದನ್ನು ನೇರ ಹೇಳುವವನು, ಕೇಳಿದ: "ಸರ್ಕಾರದ ಹತ್ರ ಇರೋ ದುಡ್ಡು ಇಷ್ಟೇ. ಊಟ ಸಾಲದ ಮಕ್ಕಳಿದಾರೆ. ವಾಸಿಯಾಗದ ಕಾಯಿಲೆಗೆ, ನಾಳೆ ನೆನಪೇ ಇರದವರಿಗೆ, ಯಾಕೆ ಸುರೀಬೇಕು?" ಕ್ರೂರ ಅನ್ನಿಸಬಹುದು, ಆದರೆ ಬಜೆಟ್ ಬರೆಯುವವರು ಬಾಯಲ್ಲಿ ಹೇಳದೆ ದಿನಾ ಮಾಡುವ ಲೆಕ್ಕ ಇದೇ.

ನನಗೆ ತೋಚುವ ಉತ್ತರ ಎರಡು. ಒಂದು, ಅಪ್ಪನಿಗೆ ನಾಳೆ ನೆನಪಿರಲ್ಲ, ಹೌದು. ಆದರೆ ಈಗ ಭಯ ಆಗುತ್ತೆ, ಈಗ ಅವಮಾನ ಆಗುತ್ತೆ. ಗದರಿದರೆ ಗದರಿದ್ದು ಮರೆಯುತ್ತಾರೆ, ಮುಖ ಸಪ್ಪಗಾಗಿದ್ದು ಸಂಜೆವರೆಗೂ ಹಾಗೇ ಇರುತ್ತೆ. ನೋವು ಲೆಕ್ಕಕ್ಕೆ ಬರಬೇಕಾದರೆ ಅದು ನೆನಪಿನಲ್ಲಿ ಉಳಿಯಬೇಕು ಅನ್ನೋ ನಿಯಮ ಎಲ್ಲಿದೆ? ಹಾಗಿದ್ದರೆ ಎಳೆ ಕೂಸಿನ ಅಳುವನ್ನೂ ಕೇಳಬೇಕಾಗಿರಲಿಲ್ಲ. ಎರಡು, ಈ ಕಾಯಿಲೆಯಲ್ಲಿ ಮನೆಗೆ ಒಬ್ಬರಲ್ಲ, ಇಬ್ಬರು ರೋಗಿಗಳು. ಅಪ್ಪನನ್ನು ವಾಸಿ ಮಾಡೋಕೆ ಆಗಲ್ಲ, ಅತ್ತಿಗೆ ಕುಸಿಯದಂತೆ ತಡೆಯಬಹುದು. ಅವರಿಗೀಗ ನಲವತ್ತೊಂದು. ಬಿಪಿ ಮಾತ್ರೆ ಶುರುವಾಗಿದೆ. ವಾಸಿಯಾಗದವರಿಗೆ ಹಣ ವ್ಯರ್ಥ ಅನ್ನುವಾಗ ಈ ಎರಡನೆಯವರನ್ನು ನಾವು ಲೆಕ್ಕದಿಂದಲೇ ಬಿಟ್ಟಿರ್ತೀವಿ.

ಸರಿ, ಕೊಡಬೇಕು ಅಂತಿಟ್ಟುಕೊಳ್ಳೋಣ. ಏನನ್ನು ಕೊಡಬೇಕು? ಇಲ್ಲಿ ಅತ್ತಿಗೆಯ ಮಾತು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು.

ಜರ್ಮನಿಯಲ್ಲಿ 1995 ರಿಂದ ದೀರ್ಘಕಾಲೀನ ಆರೈಕೆಗೇ ಪ್ರತ್ಯೇಕ ವಿಮೆ ಇದೆ. ಮನೆಯವರೇ ನೋಡಿಕೊಂಡರೆ ಹಣ ತಗೊಳ್ಳಬಹುದು, ಬೇಡವಾದರೆ ತರಬೇತಾದವರ ಸೇವೆ ತಗೊಳ್ಳಬಹುದು. ಜಪಾನ್ 2000 ದಲ್ಲಿ ಇಂಥದ್ದೇ ವಿಮೆ ತಂದಾಗ ಮನೆಯವರಿಗೆ ಹಣ ಕೊಡುವ ದಾರಿಯನ್ನು ಬೇಕಂತಲೇ ಬಿಟ್ಟಿತು. ಬೇಡ ಅಂದವರಲ್ಲಿ ಅಲ್ಲಿನ ಮಹಿಳಾ ಸಂಘಟನೆಗಳೇ ಮುಂದಿದ್ದವು. ಅವರ ವಾದ ಸರಳ: ನಮ್ಮ ಮನೆಗಳಲ್ಲಿ ನೋಡಿಕೊಳ್ಳೋದು ಸೊಸೆ. ನಗದು ಕೊಟ್ಟರೆ "ದುಡ್ಡು ಬರ್ತಿದೆಯಲ್ಲ, ಮನೇಲೇ ಇರು" ಅಂತ ಅವಳನ್ನು ಇನ್ನೂ ಭದ್ರವಾಗಿ ಕಟ್ಟಿಹಾಕುತ್ತಾರೆ. ಆದ್ದರಿಂದ ಹಣ ಬೇಡ, ಹಗಲು ಆರೈಕೆ ಕೇಂದ್ರ ಕೊಡಿ, ಮನೆಗೆ ಬರುವ ಸಹಾಯಕರನ್ನು ಕೊಡಿ. ಎಷ್ಟೋ ಸಾವಿರ ಮೈಲಿ ಆಚೆಯ ಹೆಂಗಸರು ಕಾಲು ಶತಮಾನದ ಹಿಂದೆ ಕೇಳಿದ್ದನ್ನೇ ನಮ್ಮತ್ತಿಗೆ ಪಾತ್ರೆ ಜೋಡಿಸುತ್ತ ಕೇಳಿದ್ದರು.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇಟ್ಟಿದ್ದಾರೆ. ಆರುನೂರು ರೂಪಾಯಿಯಲ್ಲಿ ಏನೂ ಬರಲ್ಲ, ಆದರೆ ಸರ್ಕಾರದ ಕಡತದಲ್ಲಿ "ನೋಡಿಕೊಳ್ಳುವವರು" ಅನ್ನೋ ಒಬ್ಬ ಮನುಷ್ಯರಿದ್ದಾರೆ ಅಂತಾದರೂ ಆಯಿತು. ಅದಕ್ಕಿಂತ ದೊಡ್ಡದು, 2008 ರಲ್ಲಿ ಉಪಶಾಮಕ ಆರೈಕೆಗೆ ಒಂದು ನೀತಿ ಮಾಡಿ, ಪಂಚಾಯಿತಿಗಳ ಮೂಲಕ ನರ್ಸ್ ಮತ್ತು ಸ್ವಯಂಸೇವಕರು ಮನೆಮನೆಗೆ ಹೋಗುವ ವ್ಯವಸ್ಥೆ ಬೆಳೆಸಿದ್ದು. 2014 ರಲ್ಲಿ ಡಿಮೆನ್ಷಿಯಾಕ್ಕಾಗಿಯೇ ಅಲ್ಜೈಮರ್ಸ್ ಸೊಸೈಟಿಯ ಜೊತೆ ಸೇರಿ ಕಾರ್ಯಕ್ರಮ ತಂದಿದ್ದೂ ಅದೇ ರಾಜ್ಯ. ಕೇರಳದ ಬೊಕ್ಕಸ ನಮ್ಮದಕ್ಕಿಂತ ತುಂಬಿಕೊಂಡಿಲ್ಲ.

ನಮ್ಮಲ್ಲಿ ಮನೆಯೊಳಗಿನ ಹೆಣ್ಣಿಗೆ ನೇರವಾಗಿ ಹಣ ಕೊಡೋದು ಯೋಚನೆಗೇ ನಿಲುಕದ ವಿಷಯ ಏನಲ್ಲ. 2023 ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರ್ತಿದೆ, ಅತ್ತಿಗೆಗೂ ಬರುತ್ತೆ. ಅದರಿಂದ ಮನೆ ಮರ್ಯಾದೆ ಹೋಯಿತು ಅಂತ ಅಣ್ಣ ಎಂದೂ ಅಂದಿಲ್ಲ. ಆದರೆ ಆ ಎರಡು ಸಾವಿರದಲ್ಲಿ ಒಂದು ಮಧ್ಯಾಹ್ನ ಕೊಳ್ಳೋಕೆ ಆಗಲ್ಲ. ಹಣ ಸಾಲದು ಅಂತಲ್ಲ, ಮಾರುವವರೇ ಇಲ್ಲ. ಬೆಂಗಳೂರಿನಲ್ಲಾದರೆ ಅಟೆಂಡರ್ ಕಳಿಸುವ ಏಜೆನ್ಸಿಗಳಿವೆ, ನಮಗೆ ತಲೆನೋವು ದರದ್ದು ಮಾತ್ರ. ತಾಲೂಕು ಪಟ್ಟಣದಲ್ಲಿ ದುಡ್ಡಿದ್ದವರಿಗೂ ಜನ ಸಿಗಲ್ಲ. ಅಂಗಡಿಯನ್ನೇ ತೆರೆಯಬೇಕಾದ ಕಡೆ ಕೂಪನ್ ಕೊಟ್ಟರೆ ಏನು ಉಪಯೋಗ?

ಆ ಅಂಗಡಿ ತೆರೆದ ಅನುಭವ ನಮಗಿದೆ. 1975 ರಲ್ಲಿ ದೇಶದಲ್ಲಿ ಅಂಗನವಾಡಿ ಶುರುವಾದಾಗ ಮೊದಲ 33 ತಾಲೂಕು, ಬ್ಲಾಕುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಮಗುವಿಗೆ ಉಣ್ಣಿಸೋದು, ಆಡಿಸೋದು ತಾಯಿಯ ಕರ್ತವ್ಯ ಅಲ್ವಾ, ಅದಕ್ಕೆ ಸರ್ಕಾರ ಯಾಕೆ ಅಂತ ಈಗ ಯಾರಾದರೂ ಕೇಳ್ತಾರಾ? ಬೀದಿ ಕೊನೆಯಲ್ಲಿ ಅಂಗನವಾಡಿ ಬಂತು ಅಂತ ಯಾವ ತಾಯಿಯ ಪ್ರೀತಿ ಕಮ್ಮಿ ಆಗಿದೆ? ಮಕ್ಕಳಿಗೆ ಮಾಡಿದ್ದನ್ನು ಮತ್ತೆ ಮಕ್ಕಳಂತಾದವರಿಗೂ ಮಾಡಬಹುದು. ಪ್ರತಿ ಹೋಬಳಿಗೆ ಒಂದು ಕೋಣೆ, ತರಬೇತಾದ ಇಬ್ಬರು, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು, ಕರ್ಕೊಂಡು ಬಂದು ಬಿಡೋಕೆ ಒಂದು ಆಟೋ. ಬರಲಾಗದವರ ಮನೆಗೆ ವಾರಕ್ಕೆರಡು ಸಲ ಒಬ್ಬರು. ರಾಕೆಟ್ ವಿಜ್ಞಾನ ಏನಲ್ಲ.

ಆದರೆ ಅಂಗನವಾಡಿ ಹೇಳುವ ಇನ್ನೊಂದು ಪಾಠವನ್ನೂ ಮರೆಯಬಾರದು. ಅಲ್ಲಿ ದುಡಿಯುವವರಿಗೆ ಇವತ್ತಿಗೂ ಸಿಗೋದು ಸಂಬಳ ಅಲ್ಲ, "ಗೌರವಧನ". ಫ್ರೀಡಂ ಪಾರ್ಕಿನಲ್ಲಿ ಅವರು ರಾತ್ರಿಯೆಲ್ಲ ಧರಣಿ ಕೂತಿದ್ದನ್ನು ಆಫೀಸಿಗೆ ಹೋಗುವ ದಾರಿಯಲ್ಲಿ ನೀವೂ ನೋಡಿರ್ತೀರಿ, ಟ್ರಾಫಿಕ್ಕಿಗೆ ಬೈದುಕೊಂಡಿರ್ತೀರಿ. ಸೊಸೆಯ ಬಿಟ್ಟಿ ದುಡಿಮೆಯನ್ನು ಇನ್ನೊಬ್ಬ ಹೆಂಗಸಿನ ಅರೆಬಿಟ್ಟಿ ದುಡಿಮೆಗೆ ವರ್ಗಾಯಿಸಿದರೆ ಪ್ರಶ್ನೆ ಬಗೆಹರಿಯಲಿಲ್ಲ, ಬೀದಿ ದಾಟಿತು ಅಷ್ಟೇ. ಕೊಡುವುದಾದರೆ ಸಂಬಳ ಅಂತ ಕರೆದು ಸಂಬಳದಷ್ಟು ಕೊಡಬೇಕು.

ದುಡ್ಡು ಎಲ್ಲಿಂದ ಅಂತ ನೀವು ಕೇಳ್ತೀರಿ. ಕೇಳಬೇಕಾದ್ದೇ. ಜಪಾನಿನಲ್ಲಿ 40 ವರ್ಷ ತುಂಬಿದವರೆಲ್ಲ ಆ ವಿಮೆಗೆ ಕಂತು ಕಟ್ಟುತ್ತಾರೆ, ಬಳಸುವವರು ಕೊಡುವ ಪಾಲು ಬಿಟ್ಟರೆ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ನಮ್ಮ ಸಂಬಳದ ಸ್ಲಿಪ್ಪಿನಲ್ಲಿ ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ ಹೋಗುತ್ತೆ, ಗಮನಿಸಿರೋದೂ ಕಡಿಮೆ. ಪಕ್ಕದಲ್ಲಿ ಅಷ್ಟೇ ಮೊತ್ತದ ಇನ್ನೊಂದು ಸಾಲು ಬಂದರೆ ಒಪ್ತೀರಾ? ನಾನು ಒಪ್ತೀನಿ. ಉದಾರಿ ಅಂತಲ್ಲ. ಈಗ ಕೊಡ್ತಿರೋದಕ್ಕಿಂತ ಅದು ಅಗ್ಗ. ಈಗ ನಾನು ಕೊಡದಿರೋದನ್ನು ನನ್ನ ಪರವಾಗಿ ಇನ್ನೊಬ್ಬರು ನಿದ್ದೆಯಲ್ಲಿ ಕೊಡ್ತಿದಾರೆ.

ಅಣ್ಣನ ಭಯ ಒಂದು ಉಳಿಯಿತು: ಸರ್ಕಾರ ಬಂದರೆ ಮಕ್ಕಳು ಜಾರಿಕೊಳ್ಳುತ್ತಾರೆ. ಕೆಲವರು ಜಾರಿಕೊಳ್ಳಬಹುದು. ಅಂಥವರು ಈಗಲೂ ಜಾರಿಕೊಂಡಿದ್ದಾರೆ, ಅದಕ್ಕೇ ತಾನೇ 2007 ರ ಕಾನೂನು ಬೇಕಾಗಿದ್ದು. ನಾನು ಕಂಡ ಮನೆಗಳಲ್ಲಿ ಮುರಿದಿದ್ದು ಪ್ರೀತಿ ಮುಗಿದು ಅಲ್ಲ, ನಿದ್ದೆ ಇಲ್ಲದೆ. ವಾರಕ್ಕೆ ಎರಡು ಮಧ್ಯಾಹ್ನ ಮಲಗಿದ ಮನುಷ್ಯ ಉಳಿದ ಐದು ದಿನ ಗದರದೆ ಇರಬಲ್ಲ. ಕರ್ತವ್ಯವನ್ನು ಕಿತ್ತುಕೊಳ್ಳಿ ಅಂತ ಯಾರೂ ಕೇಳ್ತಿಲ್ಲ, ಅದನ್ನು ಮಾಡೋಕೆ ಮೈಯಲ್ಲಿ ತ್ರಾಣ ಉಳಿಸಿ ಅಂತ ಕೇಳ್ತಿರೋದು.

ಸರ್ಕಾರ ಬರುವವರೆಗೆ ಸುಮ್ಮನಿರೋಕೂ ಆಗಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ ಹದಿನೈದು ದಿನಕ್ಕೊಮ್ಮೆ ಗುರುವಾರ, ಶುಕ್ರವಾರ ಊರಿಂದ ಕೆಲಸ ಮಾಡ್ತೀನಿ. ಮಧ್ಯಾಹ್ನ ಅಪ್ಪ ನನ್ನ ಪಾಲು. ಅತ್ತಿಗೆ ಕೇಳಿದ್ದರ ಅರ್ಧ ಅಷ್ಟೇ ಅದು. ಲ್ಯಾಪ್‌ಟಾಪಿನಲ್ಲಿ ದುಡಿಯುವವನಿಗೆ ಇಷ್ಟು ಸಾಧ್ಯವಾಯಿತು, ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಇದೂ ಇಲ್ಲ. ಅಣ್ಣ ಈಗ ಭಾನುವಾರ ಅಂಗಡಿ ಬೇಗ ಮುಚ್ಚುತ್ತಾನೆ. ಕೂಲಿ ವಿಷಯ ಇಬ್ಬರೂ ಎತ್ತಿಲ್ಲ. ಹದಿನೈದು ಸಾವಿರ ಅತ್ತಿಗೆ ಅಕೌಂಟಿಗೆ ಹೋಗ್ತಿದೆ, ಅವನಿಗೆ ಗೊತ್ತಿದೆ.

ಮೊನ್ನೆ ಶುಕ್ರವಾರ ಅತ್ತಿಗೆ ಕೋಣೆ ಬಾಗಿಲು ಹಾಕಿಕೊಂಡು ಮಲಗಿದ್ದರು. ಅಪ್ಪ ನನ್ನ ಎದುರು ಕೂತು ಹಳೇ ಲೆಕ್ಕದ ಪುಸ್ತಕ ತಿರುವುತ್ತಿದ್ದರು. ಇದ್ದಕ್ಕಿದ್ದ ಹಾಗೆ "ಆ ಹುಡುಗಿ ಎಲ್ಲಿ?" ಅಂದರು. ಅತ್ತಿಗೆಯ ಹೆಸರು ಅವರಿಗೆ ಹೋಗಿ ವರ್ಷವಾಯಿತು.

"ಮಲಗಿದಾರೆ ಅಪ್ಪ."

"ಮಲಗ್ಲಿ, ಎಬ್ಬಿಸ್ಬೇಡ. ಪಾಪ, ಒಬ್ಬಳೇ ಮಾಡ್ತಾಳೆ."

ಆಮೇಲೆ ಚಪ್ಪಲಿ ಹುಡುಕೋಕೆ ಎದ್ದರು. ನಾನೂ ಎದ್ದೆ.